ಕ್ಯಾಪ್ ಹಾಕಿಸುವವರಿಗೆ ಕನ್ನಡದ ಚೀಟಿ ಕೊಡಿ

ಮಾನ್ಯ ಸಂಪಾದಕರೇ,

ಹಲ್ಲಿಗೆ ರೂಟ್ ಕೆನಾಲ್ (ಬೇರಿನೊಳಗಿನ ಚಿಕಿತ್ಸೆ) ಆಗಿ ನೋವು ನಿಂತರೆ ಸಾಕು, ಅದರ ಮೇಲೆ ಕ್ಯಾಪ್, ಅಂದರೆ ಹಲ್ಲಿನ ಕವಚ, ಹಾಕಿಸುವುದನ್ನು ಮುಂದೂಡುವವರು ನಮ್ಮಲ್ಲಿ ಬಹಳ. ಟೊಳ್ಳಾದ ದವಡೆ ಹಲ್ಲು ಅಡಿಕೆ ಕಡಿಯುವಾಗ ಬೇರಿನವರೆಗೆ ಸೀಳಿದರೆ ಕೀಳುವುದೊಂದೇ ದಾರಿ.

ಸಾಮಾನ್ಯವಾಗಿ ಎರಡು ಸಲ ಹೋಗಬೇಕು. ಮೊದಲ ಸಲ ಹಲ್ಲಿನ ಮೇಲ್ಭಾಗವನ್ನು 1.5ರಿಂದ 2 ಮಿ.ಮೀ.ನಷ್ಟು, ಸುತ್ತಲೂ ಅದಕ್ಕಿಂತ ತುಸು ಕಡಿಮೆ ಅರೆದು, ಅಚ್ಚು ತೆಗೆದು, ತಾತ್ಕಾಲಿಕ ಕ್ಯಾಪ್ ಕೂರಿಸುತ್ತಾರೆ. ಇದರ ಅಂಟು ಉದ್ದೇಶಪೂರ್ವಕವಾಗಿಯೇ ದುರ್ಬಲ. ಹಲ್ವ, ಚೂಯಿಂಗ್ ಗಮ್ ತಿಂದರೆ ಕಿತ್ತು ಬರುತ್ತದೆ. ಬಿದ್ದರೆ ಬೇಗ ಮತ್ತೆ ಕೂರಿಸಿಕೊಳ್ಳಿ. ಅಕ್ಕಪಕ್ಕದ ಹಲ್ಲು ವಾಲಿದರೆ ಲ್ಯಾಬಿನಿಂದ ಬಂದ ಕ್ಯಾಪ್ ಸರಿಯಾಗಿ ಇಳಿಯದು.

ಲ್ಯಾಬಿನ ಕ್ಯಾಪ್ ಕೂರಿಸುವ ಎರಡನೇ ಸಲ ಅವಸರ ಮಾಡಬೇಡಿ. ಹಲ್ಲು ಎಲ್ಲಿ ತಾಗುತ್ತದೆಂದು ನೋಡಲು ನೀಲಿ ಕಾಗದ ಕಚ್ಚಿಸುವಾಗ ಬರೀ ಮೇಲೆ ಕೆಳಗೆ ಕಚ್ಚಿದರೆ ಸಾಲದು, ದವಡೆಯನ್ನು ಆಚೀಚೆಗೂ ಆಡಿಸಿ. ಕೂದಲೆಳೆಯಷ್ಟು ಎತ್ತರ ಉಳಿದರೂ ಅಗಿದಾಗಲೆಲ್ಲ ಆ ಹಲ್ಲೇ ಮೊದಲು ತಾಗಿ ನೋಯುತ್ತದೆ. ಮರಗಟ್ಟಿಸಿದ ಬಾಯಿಗೆ ಅದು ಗೊತ್ತಾಗುವುದಿಲ್ಲ. ಮನೆಗೆ ಹೋದ ಮೇಲೆ ಎತ್ತರ ಅನ್ನಿಸಿದರೆ 'ಅಭ್ಯಾಸವಾಗುತ್ತದೆ' ಎಂದು ಸುಮ್ಮನಿರದೆ ಸರಿಮಾಡಿಸಿಕೊಳ್ಳಿ. ಕೆಲವೇ ನಿಮಿಷದ ಕೆಲಸ.

ಜಿರ್ಕೋನಿಯಾ ಎಂಬ ಗಟ್ಟಿ ಪಿಂಗಾಣಿಯ ಕ್ಯಾಪ್ ಆದರೂ ಹುಳುಕು ತಪ್ಪಿದ್ದಲ್ಲ. ಕ್ಯಾಪಿಗಲ್ಲ, ವಸಡಿನಂಚಿನಲ್ಲಿ ಉಳಿದ ಹಲ್ಲಿಗೆ ಅದು ಹಿಡಿಯುತ್ತದೆ. ಕಳಚಿದ ಕ್ಯಾಪನ್ನು ಫೆವಿಕ್ವಿಕ್ ಹಾಕಿ ಅಂಟಿಸುವ ಜಾಣತನವಂತೂ ಖಂಡಿತ ಬೇಡ.

ಕಾಸರಗೋಡು, ಮಂಜೇಶ್ವರ ತಾಲೂಕುಗಳ ದಂತ ಚಿಕಿತ್ಸಾಲಯಗಳು ಇಷ್ಟನ್ನು ಮಲಯಾಳದ ಜತೆ ಕನ್ನಡದಲ್ಲೂ ಅಚ್ಚುಹಾಕಿಸಿ, ಮೊದಲ ದಿನವೇ ಕೈಗೆ ಕೊಡಲಿ.

– ಓದುಗರು, ಬದಿಯಡ್ಕ