ಏನಾಯಿತೆಂದು ಕೇಳದೆ ಜೊತೆಗಿದ್ದವರಿಗೆ

ಇನ್ನು ಪ್ರತಿ ತಿಂಗಳು ಬರಬೇಕಾಗಿಲ್ಲ, ಅಗತ್ಯವೆನಿಸಿದಾಗ ಮಾತ್ರ ಬಂದರೆ ಸಾಕು ಎಂದು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನ ವೈದ್ಯರು ಕಳೆದ ವಾರ ತಿಳಿಸಿದರು. ಇಲ್ಲಿಯವರೆಗೆ ನನ್ನನ್ನು ಕರೆತಂದವರನ್ನು ಹೆಸರು ಹೇಳದೆಯಾದರೂ ಬಹಿರಂಗವಾಗಿ ನೆನೆಯುವುದು ನನ್ನ ಕರ್ತವ್ಯ.

ಮುಂಗಡ ಹಣದ ಸಾಲಕ್ಕೆ ಇಟ್ಟಿಗೆ ಭಟ್ಟಿಯೊಂದರಲ್ಲಿ ನಮ್ಮನ್ನು ಕೂಡಿಹಾಕಿ ದುಡಿಸಿಕೊಂಡದ್ದು, ರಾತ್ರಿ ಶೆಡ್ಡಿಗೆ ಹೊರಗಿನಿಂದ ಬೀಗ ಜಡಿಯುತ್ತಿದ್ದದ್ದು, ತಪ್ಪಿಸಿಕೊಳ್ಳಲು ನೋಡಿದವರನ್ನು ಎಲ್ಲರೆದುರು ಹೊಡೆಯುತ್ತಿದ್ದದ್ದು ಊರಿಗೆ ತಿಳಿದ ಸಂಗತಿ. ಪ್ರಕರಣ ನ್ಯಾಯಾಲಯದಲ್ಲಿರುವುದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಆ ಸಾಲವನ್ನು ತೀರಿಸಬೇಕಾಗಿಯೇ ಇಲ್ಲವೆಂದು ತಿಳಿಹೇಳಿ, ಬಿಡುಗಡೆ ಪ್ರಮಾಣಪತ್ರ ಕೈಗೆ ಬರುವವರೆಗೂ ಬೆನ್ನಿಗೆ ನಿಂತ ಅಧಿಕಾರಿಗಳಿಗೆ ನಾನು ಋಣಿ.

ಗದಗಿಗೆ ಮರಳಿದ ಮೇಲೆ ಕಷ್ಟ ಮುಗಿಯಿತೆಂದೇ ಎಲ್ಲರೂ ತಿಳಿದಿದ್ದರು. ಆದರೆ ಯಾರಾದರೂ ಚಿಲಕ ಸರಿಸಿದರೆ ಸಾಕು, ಎದೆ ಹೊಡೆದುಕೊಂಡು ಅಂಗೈ ಬೆವರುತ್ತಿತ್ತು. ಇಟ್ಟಿಗೆ ಹೇರಿದ ಟ್ರ್ಯಾಕ್ಟರ್ ಎದುರಾದರೆ ನಾನು ಬೆಟಗೇರಿಯ ರಸ್ತೆಯಲ್ಲಿದ್ದೇನೆಂಬುದೇ ಮರೆತು ಮತ್ತೆ ಆ ಶೆಡ್ಡಿನೊಳಗೇ ಇರುತ್ತಿದ್ದೆ. ನಿದ್ದೆಯಲ್ಲಿ ಕಿರುಚುತ್ತಿದ್ದೆ, ಹಗಲಲ್ಲಿ ಯಾರ ಮುಖವೂ ಬೇಡವಾಗುತ್ತಿತ್ತು. ಗಾಳಿ ಸೋಕಿದೆ ಎಂದು ಓಣಿಯವರು ಅಂದರು. ಅವ್ವ ಕಟ್ಟಿಸಿದ ತಾಯತ ಈಗಲೂ ತೋಳಲ್ಲಿದೆ. ಅವಳ ಸಮಾಧಾನಕ್ಕೆ ಅದು ಇರಲಿ.

ಇಂಥ ಲಕ್ಷಣಗಳು ಒಂದು ತಿಂಗಳು ಮೀರಿಯೂ ಉಳಿದು ದಿನನಿತ್ಯದ ಬದುಕನ್ನೇ ಕೆಡಿಸಿದರೆ ಅದು ಆಘಾತದ ನಂತರದ ಒತ್ತಡದ ಕಾಯಿಲೆಯಾಗಿರಬಹುದೆಂದು ವೈದ್ಯರು ಅವ್ವನಿಗೆ ಅರ್ಥವಾಗುವಂತೆ ವಿವರಿಸಿದರು. ಅಮೆರಿಕದ ಮನೋವೈದ್ಯರ ಸಂಘ ಇದನ್ನು ಮಾನಸಿಕ ಕಾಯಿಲೆಗಳ ತನ್ನ ಕೈಪಿಡಿಯಲ್ಲಿ ಸೇರಿಸಿದ್ದು 1980ರಲ್ಲಿ. ದೀರ್ಘಕಾಲ ಸೆರೆಯಲ್ಲಿದ್ದವರ ಪಾಡು ಇನ್ನೂ ಬೇರೆಯೆಂದು ಜೂಡಿತ್ ಹರ್ಮನ್ ಎಂಬ ವೈದ್ಯೆ 1992ರಲ್ಲೇ ಬರೆದಿದ್ದರೂ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಅದರ ಸಂಕೀರ್ಣ ರೂಪಕ್ಕೆ ಪ್ರತ್ಯೇಕ ಸ್ಥಾನ ಜಾರಿಗೆ ಬಂದದ್ದು 2022ರಲ್ಲಿ. ತಾನು ಯಾವುದಕ್ಕೂ ಬಾರದವನೆಂಬ ಭಾವನೆ, ಯಾರನ್ನೂ ನಂಬಲಾಗದ ಸ್ಥಿತಿ, ಹಿಡಿತ ತಪ್ಪುವ ಸಿಟ್ಟು ಇವೂ ಅದೇ ಕಾಯಿಲೆಯ ಭಾಗವೆಂದು ತಿಳಿದ ದಿನ ನನಗೆ ಗುಳಿಗೆಗಿಂತ ಹೆಚ್ಚು ಬಲ ಬಂತು. ಗುಳಿಗೆಯೂ ಬೇಕಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆಪ್ತಸಮಾಲೋಚಕಿಯವರು ಮೊದಲು ಉಸಿರನ್ನು ಹದಕ್ಕೆ ತರುವುದನ್ನು ಕಲಿಸಿ, ಎಷ್ಟೋ ಭೇಟಿಗಳ ನಂತರವಷ್ಟೇ ನಡೆದದ್ದನ್ನು ನನ್ನ ಬಾಯಿಂದ ಕೊಂಚ ಕೊಂಚವಾಗಿ ಹೇಳಿಸಿದರು. ನಿಲ್ಲಿಸೋಣವೇ ಎಂದು ಪ್ರತಿ ಬಾರಿಯೂ ಕೇಳುತ್ತಿದ್ದರು. ಭಟ್ಟಿಯಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ.

ಮನೆಯಲ್ಲಿ ಅಕ್ಕ, ನನ್ನ ಕೋಣೆಯ ಬಾಗಿಲಿನ ಹೊರಗಿನ ಚಿಲಕವನ್ನು ತಾನೇ ತಿರುಪು ಬಿಚ್ಚಿ ತೆಗೆದಳು. ಎಬ್ಬಿಸುವಾಗ ಮೈ ಮುಟ್ಟದೆ ಹೊಸ್ತಿಲ ಆಚೆಯಿಂದಲೇ ಹೆಸರು ಹಿಡಿದು ಕರೆಯುತ್ತಿದ್ದಳು. ನೋಡಲು ಬಂದ ಬಂಧುಗಳು ಕೆದಕತೊಡಗಿದರೆ, "ಅದನ್ನೇನ ಕೇಳ್ತೀರಿ, ಚಾ ಕುಡೀರಿ" ಎಂದು ಮಾತು ತಿರುಗಿಸುತ್ತಿದ್ದವರು ಕಾಕಾ. ನಾನೀಗ ಕೆಲಸ ಮಾಡುವ ಮುದ್ರಣಾಲಯದ ಮಾಲೀಕರು ಬೈಂಡಿಂಗ್ ಮೇಜನ್ನೇ ತಿರುಗಿಸಿ ಬಾಗಿಲಿಗೆ ಮುಖ ಮಾಡಿ ಕೂರಲು ಜಾಗ ಕೊಟ್ಟರು. ಸಂಜೆ ಶಟರ್ ಎಳೆಯುವ ಮೊದಲು "ಎಳೀತೀನ್ರೀ" ಎಂದು ಒಂದು ಮಾತು ಹೇಳುತ್ತಾರೆ.

ಇಂಥ ತೊಂದರೆಯಲ್ಲಿರುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಇದನ್ನು ಓದಿ ನನ್ನನ್ನು ಕಾಣಲು ಬರುವ ಸ್ನೇಹಿತರಲ್ಲಿ ಒಂದು ವಿನಂತಿ: ಭಟ್ಟಿಯ ಸುದ್ದಿ ಎತ್ತಬೇಡಿ, ಪ್ರೆಸ್ಸಿನ ಬಗ್ಗೆ ಎಷ್ಟು ಬೇಕಾದರೂ ಕೇಳಿ. ಶಾಲೆ ಶುರುವಾಗುವ ಮುಂಚಿನ ನೋಟ್‌ಬುಕ್ ಕೆಲಸ ಈಗ ರಾಶಿ ಬಿದ್ದಿದೆ, ಕೈ ಜೋಡಿಸಿದರೆ ಇನ್ನೂ ಒಳ್ಳೆಯದು.