ಶುಲ್ಕ ಕಟ್ಟಿದರಷ್ಟೇ ಸಾಲದು

ಮಾನ್ಯರೇ,

ಎಸೆಸೆಲ್ಸಿ ಫಲಿತಾಂಶದ ಬೆನ್ನಿಗೆ ಬಡ ಮನೆಯ ಮಕ್ಕಳ ಸಾಧನೆ ಪತ್ರಿಕೆಗಳಲ್ಲಿ ಬರುತ್ತದೆ. ಅದನ್ನು ಓದಿ ಊರಿನವರು, ಮುಂಬಯಿಯಲ್ಲಿ, ಕೊಲ್ಲಿ ದೇಶಗಳಲ್ಲಿ ಇರುವವರು ನೆರವಿಗೆ ಮುಂದಾಗುತ್ತಾರೆ. ಕರಾವಳಿಯ ಈ ಗುಣ ದೊಡ್ಡದು. ಆದರೆ ಬಹಳಷ್ಟು ಹಣ ಜೂನ್‌ನಲ್ಲಿ ಒಮ್ಮೆ ಬಂದು ಅಲ್ಲಿಗೇ ನಿಲ್ಲುತ್ತದೆ. ಮಕ್ಕಳು ಓದು ಬಿಡುವುದು ದಸರಾ ರಜೆಯ ನಂತರ, ಇಲ್ಲವೇ ದ್ವಿತೀಯ ಪಿಯುಸಿಗೆ ಕಾಲಿಡುವಾಗ. ಒಂದು ಮಗುವಿನ ಓದಿನ ಹೊಣೆ ವಹಿಸಿಕೊಳ್ಳುವವರು ಪಿಯುಸಿಯಾದರೆ ಎರಡೂ ವರ್ಷ, ಪದವಿಯಾದರೆ ಕೋರ್ಸ್ ಮುಗಿಯುವ ತನಕ ಎಂದು ಮೊದಲೇ ಮಾತು ಕೊಡಬೇಕು. ಅಷ್ಟು ಶಕ್ತಿ ಇಲ್ಲದಿದ್ದರೆ ಇಬ್ಬರು ಮೂವರು ಸೇರಿ ಒಂದು ಮಗುವನ್ನು ನೋಡಿಕೊಳ್ಳಲಿ.

ಹತ್ತನೇ ತನಕ ಸರಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ ಸಿಗುತ್ತದೆ. ಪಿಯುಸಿಗೆ ಬಂದೊಡನೆ ಎಲ್ಲ ಖರ್ಚೂ ಒಟ್ಟಿಗೆ ಎದುರಾಗುತ್ತದೆ. ಅದರಲ್ಲಿ ದಾನಿಗಳ ಲೆಕ್ಕಕ್ಕೆ ಸಿಗದೇ ಹೋಗುವುದು ಬಸ್ಸಿನ ಖರ್ಚು. ಶಕ್ತಿ ಯೋಜನೆ ಇದೆಯಲ್ಲ ಎನ್ನುವವರು ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಒಳದಾರಿಗಳನ್ನು ನೋಡಬೇಕು. ಎಷ್ಟೋ ಕಡೆ ಓಡುವುದು ಖಾಸಗಿ ಬಸ್ಸು ಮಾತ್ರ. ಅಲ್ಲಿ ಶಕ್ತಿಯೂ ಇಲ್ಲ, ಕೆಎಸ್‌ಆರ್‌ಟಿಸಿ ಪಾಸೂ ನಡೆಯದು. ದಿನಕ್ಕೆ 40 ರೂಪಾಯಿ ಎಂದುಕೊಂಡರೂ ತಿಂಗಳ 24 ದಿನಕ್ಕೆ 960, ಹತ್ತು ತಿಂಗಳಿಗೆ 9,600 ರೂಪಾಯಿ. ಮಧ್ಯಾಹ್ನದ ಊಟ, ಲ್ಯಾಬ್ ರೆಕಾರ್ಡ್, ಪರೀಕ್ಷಾ ಶುಲ್ಕ, ಕೊಡೆ ಇವೆಲ್ಲ ಬೇರೆ. ಮೀನುಗಾರ ಕುಟುಂಬಗಳ ಕಷ್ಟ ಇನ್ನೊಂದು ಬಗೆಯದು. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ತನಕ ನಿಷೇಧ. ಬೋಟಿನ ದುಡಿಮೆ ನಿಂತಿರುವಾಗಲೇ ಪ್ರವೇಶ ಶುಲ್ಕದ ಗಡುವು ಬರುತ್ತದೆ. ಅಂಥ ಮನೆಗೆ ಆಗಸ್ಟ್‌ನಲ್ಲಿ ಕೊಟ್ಟ ಹಣ ತಡವಾಯಿತೆಂದೇ ಅರ್ಥ.

ಕೈಯಿಂದ ಹಾಕುವ ಮೊದಲು ಸರಕಾರದಿಂದ ಬರಬೇಕಾದ್ದು ಬರುವಂತೆ ಮಾಡಿಕೊಡಿ. ರಾಜ್ಯ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್, ಬೀಡಿ ಕಾರ್ಮಿಕರ ಮಕ್ಕಳಿಗೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್, ನೋಂದಾಯಿತ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಅವರ ಕಲ್ಯಾಣ ಮಂಡಳಿ. ತಂದೆಯನ್ನು ಕಳೆದುಕೊಂಡ ಕಡುಬಡ ಮಕ್ಕಳಿಗೆ ಮಿಷನ್ ವಾತ್ಸಲ್ಯ ಎಂಬ ಕೇಂದ್ರ ಯೋಜನೆಯಡಿ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವ ಇದೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು. ಎಂಟನೇ ತರಗತಿಯಲ್ಲಿ ಬಡ ಪ್ರತಿಭಾವಂತರಿಗೆಂದು ನಡೆಸುವ ಎನ್‌ಎಂಎಂಎಸ್ ಪರೀಕ್ಷೆ ಬರೆದು ಆಯ್ಕೆಯಾದವರಿಗೆ ದ್ವಿತೀಯ ಪಿಯುಸಿ ತನಕ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಇದು ಸರಕಾರಿ, ಅನುದಾನಿತ ಸಂಸ್ಥೆಗಳಲ್ಲಿ ಓದುವವರಿಗೆ ಮಾತ್ರ. ದಾನಿಗಳು ಪ್ರೀತಿಯಿಂದಲೇ ಅನುದಾನರಹಿತ ಕಾಲೇಜಿಗೆ ಸೇರಿಸಿದರೂ ಅದು ಕೈತಪ್ಪುತ್ತದೆ.

ಅರ್ಜಿ ಹಾಕಿಯೂ ಹಣ ಬಾರದಿದ್ದರೆ ನೋಡಬೇಕಾದ್ದು ಮುಖ್ಯವಾಗಿ ಎರಡು. ಆಧಾರ್ ಮತ್ತು ಅಂಕಪಟ್ಟಿಯಲ್ಲಿ ಹೆಸರು ಒಂದೇ ರೀತಿ ಇಲ್ಲದಿರುವುದು. ನಮ್ಮಲ್ಲಿ ಕುಲನಾಮ, ಇನಿಶಿಯಲ್ಲಿನ ಗೊಂದಲ ಜಾಸ್ತಿ. ಎರಡನೆಯದು ಬ್ಯಾಂಕ್ ಖಾತೆ. ಕೊನೆಯದಾಗಿ ಯಾವ ಖಾತೆಗೆ ಆಧಾರ್ ಜೋಡಣೆಯಾಗಿದೆಯೋ ಅಲ್ಲಿಗೇ ಸರಕಾರದ ಹಣ ಹೋಗುತ್ತದೆ. ದಾನಿಯ ಹಣಕ್ಕೆಂದು ಹೊಸ ಖಾತೆ ತೆರೆಸಿ ಆಧಾರ್ ಜೋಡಿಸಿದರೆ ವಿದ್ಯಾರ್ಥಿವೇತನ ಅತ್ತ ಹೊರಳುತ್ತದೆ, ಮನೆಯವರು ಹಳೆಯ ಪಾಸ್‌ಬುಕ್ ಹಿಡಿದು ಅಲೆಯುತ್ತಾರೆ. ಇರುವ ಖಾತೆಯೇ ಸಾಕು.

ಶುಲ್ಕವನ್ನು ನೇರ ಕಾಲೇಜಿಗೆ ಕಟ್ಟಿ ರಶೀದಿಯ ಪ್ರತಿ ಪಡೆಯಿರಿ. ಉಳಿದದ್ದನ್ನು ತಿಂಗಳು ತಿಂಗಳು, ಒಂದೇ ತಾರೀಕಿಗೆ ಖಾತೆಗೆ ಹಾಕಿ. ಹೀಗೆ ಕೊಟ್ಟದ್ದಕ್ಕೆ ಆದಾಯ ತೆರಿಗೆಯಲ್ಲಿ ದಾನದ ವಿನಾಯಿತಿ (80ಜಿ) ಇಲ್ಲ. ಅದು ಬೇಕಿದ್ದರೆ ಆ ವಿನಾಯಿತಿಗೆ ಮಾನ್ಯತೆ ಪಡೆದ ಟ್ರಸ್ಟ್ ಮೂಲಕ ಕೊಡಬೇಕು, 2,000 ರೂಪಾಯಿಗಿಂತ ಹೆಚ್ಚಿನ ನಗದು ಲೆಕ್ಕಕ್ಕೆ ಬಾರದು, ಹೊಸ ತೆರಿಗೆ ಪದ್ಧತಿಯವರಿಗೆ ಹೇಗೂ ಸಿಗದು. ಯಾರಿಗೆ ಕೊಡಬೇಕೆಂದು ಮನೆಗೆ ಹೋಗಿ ನೋಡಿಯೇ ತೀರ್ಮಾನಿಸಬೇಕು. ಉಡುಪಿಯ ಯಕ್ಷಗಾನ ಕಲಾರಂಗ ಸಂಸ್ಥೆಯ ವಿದ್ಯಾರ್ಥಿ ನೆರವಿನ ಯೋಜನೆ ‘ವಿದ್ಯಾಪೋಷಕ್’ ನಡೆಸಿಕೊಂಡು ಬಂದ ಮನೆ ಭೇಟಿಯ ಕ್ರಮ ಉಳಿದವರಿಗೂ ಮಾದರಿ.

ದಾನಿಗಳು 600 ದಾಟಿದವರನ್ನೇ ಹುಡುಕುವುದು, ಸಾಯನ್ಸೇ ತೆಗೆದುಕೊಳ್ಳಬೇಕೆಂದು ಷರತ್ತು ಹಾಕುವುದು ಸರಿಯಲ್ಲ. 625ಕ್ಕೆ 400 ತೆಗೆದವರನ್ನು ಕೇಳುವವರೇ ಇಲ್ಲ. ಕನ್ನಡ ಮಾಧ್ಯಮದಿಂದ ಬಂದವರು ಭೌತಶಾಸ್ತ್ರ, ರಸಾಯನಶಾಸ್ತ್ರವನ್ನು ಒಮ್ಮೆಲೇ ಇಂಗ್ಲಿಷಿನಲ್ಲಿ ಓದಬೇಕಾಗುತ್ತದೆ. ಮೊದಲ ಕಿರುಪರೀಕ್ಷೆಯಲ್ಲೇ ಎದೆಗುಂದುತ್ತಾರೆ. ಅಂಥವರಿಗೆ ಮೊದಲ ಮೂರು ತಿಂಗಳ ಟ್ಯೂಷನ್ನಿಗೂ ಹಣ ತೆಗೆದಿಡಿ. ಕಾಮರ್ಸ್, ಐಟಿಐ, ನರ್ಸಿಂಗ್ ಓದುವವರೂ ಮನೆ ಎತ್ತಿ ನಿಲ್ಲಿಸುತ್ತಾರೆ. ಅಂಕ ಕಡಿಮೆಯಾದರೆ ನೆರವು ನಿಲ್ಲಿಸುವ ಮೊದಲು ಉಪನ್ಯಾಸಕರಿಗೆ ಒಂದು ಫೋನ್ ಮಾಡಿ ಕಾರಣ ಕೇಳಿ.

ಇನ್ನೊಂದು ಕೋರಿಕೆ. ಚೆಕ್ ಹಿಡಿಸಿ ವೇದಿಕೆಯಲ್ಲಿ ಫೋಟೋ ತೆಗೆಸಬೇಡಿ. ಮರುದಿನ ಅದೇ ತರಗತಿಯಲ್ಲಿ ಕೂರಬೇಕಾದ್ದು ಆ ಮಗು.

– ನಿವೃತ್ತ ಮುಖ್ಯ ಶಿಕ್ಷಕಿ, ಕಾಪು