ಉಪ್ಪುನೀರಿನ ಟ್ಯಾಂಕಿಗೆ ಪಾಚಿ ಬಂತಾ? ಮೊದಲು ನೀರು ನೋಡಿ

ಸಂಪಾದಕರಿಗೆ ನಮಸ್ಕಾರ.

ಮನೆಯಲ್ಲಿ ಹವಳದ ಟ್ಯಾಂಕ್ ಇಡುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಮುಂಬೈಯಲ್ಲಿ ಕೂತು ಇಂಥ ವಿಷಯವನ್ನು ಕನ್ನಡದಲ್ಲಿ ಓದಲು ಸಿಕ್ಕಿದ್ದು ಖುಷಿಯ ಸಂಗತಿ. ಆದರೆ ಕ್ಲೌನ್ ಮೀನನ್ನು ನೀರಿಗೆ ಬಿಟ್ಟಲ್ಲಿಗೆ ಲೇಖನ ಮುಗಿದುಹೋಯಿತು. ಕಷ್ಟ ಶುರುವಾಗುವುದೇ ಅಲ್ಲಿಂದ. ಕೆಲವೇ ವಾರಕ್ಕೆ ಬಿಳಿ ಮರಳಿನ ಮೇಲೆ ಕಂದು ಪುಡಿ ಕೂರುತ್ತದೆ, ಆಮೇಲೆ ಕಲ್ಲಿಗೆಲ್ಲ ಹಸಿರು ಕೂದಲು ಹುಟ್ಟುತ್ತದೆ, ಅದೂ ಸಾಲದು ಅಂತ ಕೆಂಪು ಲೋಳೆ ಹರಡುತ್ತದೆ. ಸಾವಿರಾರು ರೂಪಾಯಿ ಸುರಿದವರು ಗಾಬರಿಯಾಗಿ ಎಲ್ಲ ಕಿತ್ತುಹಾಕುವುದು ಈ ಹೊತ್ತಿನಲ್ಲೇ. ಸೆಕೆಂಡ್ ಹ್ಯಾಂಡ್ ಟ್ಯಾಂಕ್ ಮಾರುವವರನ್ನು ಯಾಕೆ ಮಾರ್ತಿದ್ದೀರಿ ಅಂತ ಕೇಳಿ ನೋಡಿ, ಹೆಚ್ಚಿನವರು ಹೇಳುವುದು ಪಾಚಿಯ ಹೆಸರನ್ನೇ. ಅದಕ್ಕೇ ಈ ಪತ್ರ.

ಮೊದಲು ಒಂದು ಮಾತು. ಹೊಸ ಟ್ಯಾಂಕಿಗೆ ಪಾಚಿ ಬಂದೇ ಬರುತ್ತದೆ. ನೀವು ಏನೋ ತಪ್ಪು ಮಾಡಿದ್ದೀರಿ ಅಂತ ಅದರ ಅರ್ಥ ಅಲ್ಲ. ಮೊದಲು ಕಾಣುವ ಕಂದು ಪುಡಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಅದು ನೀರು, ಮರಳಿನಲ್ಲಿರುವ ಸಿಲಿಕೇಟ್ ಬಳಸಿ ತನ್ನ ಚಿಪ್ಪು ಕಟ್ಟಿಕೊಳ್ಳುತ್ತದೆ, ಸಿಲಿಕೇಟ್ ಮುಗಿದರೆ ತಾನಾಗೇ ಹೋಗುತ್ತದೆ. ಅದರ ಹಿಂದೆ ಹಸಿರು ಬರುತ್ತದೆ, ಯಾಕೆಂದರೆ ಹೊಸ ಕಲ್ಲಿನ ಮೇಲೆ ಜಾಗ ಖಾಲಿ ಇದೆ, ಒಳ್ಳೆಯ ಬ್ಯಾಕ್ಟೀರಿಯಾ ಇನ್ನೂ ಸರಿಯಾಗಿ ನೆಲೆ ನಿಂತಿಲ್ಲ, ಕಲ್ಲಿಗೆ ಅಂಟಿ ಬೆಳೆಯುವ ಗುಲಾಬಿ ಬಣ್ಣದ ಕೊರಲೈನ್ ಎಂಬ ಒಳ್ಳೆಯ ಪಾಚಿ ಇನ್ನೂ ಹರಡಿಲ್ಲ. ಈ ಅವಸ್ಥೆ ಕೆಲವು ತಿಂಗಳು ಇರುತ್ತದೆ. ಅಷ್ಟು ದಿನ ಕಾಯಬೇಕು ಅಂತ ಅಂಗಡಿಯಲ್ಲಿ ಒಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲ, ಬಾಟಲಿ ಮಾತ್ರ ಕೈಗೆ ಕೊಡುತ್ತಾರೆ. ಸಿಹಿನೀರಿನ ಟ್ಯಾಂಕಿಗೆಂದು ಮಾರುವ ಪಾಚಿನಾಶಕಗಳಲ್ಲಿ ಎಷ್ಟೋ ಕಡೆ ತಾಮ್ರ ಇರುತ್ತದೆ. ತಾಮ್ರ ಬಿದ್ದರೆ ಬಸವನಹುಳು, ಸೀಗಡಿ, ಹವಳ ಎಲ್ಲ ಸಾಯುತ್ತವೆ. ಬಾಟಲಿಯ ಹಿಂದೆ ಏನು ಬರೆದಿದೆ ಅಂತ ಓದದೆ ದಯವಿಟ್ಟು ಒಂದು ಹನಿಯನ್ನೂ ಹಾಕಬೇಡಿ.

ನಮ್ಮ ಊರುಗಳಲ್ಲಿ ಅತಿ ದೊಡ್ಡ ಕಾರಣ ನೀರು. ಇದನ್ನು ನಾನು ಒತ್ತಿ ಹೇಳುತ್ತೇನೆ. ಡೊಂಬಿವಲಿಯಲ್ಲಿ ನಮ್ಮ ಪರಿಚಯದವರ ಮಗ ಎರಡಡಿ ಟ್ಯಾಂಕ್ ಇಟ್ಟಿದ್ದಾನೆ, ಕಾಲೇಜು ಹುಡುಗ, ಓದಿಕೊಂಡೇ ಶುರು ಮಾಡಿದವನು. ಊಟ ಕಡಿಮೆ ಹಾಕ್ತೀನಿ, ಲೈಟ್ ಟೈಮರ್‌ನಲ್ಲಿದೆ, ನೀರು ಆರ್‌ಒದ್ದೇ, ಆದ್ರೂ ಕಲ್ಲು ಹಸಿರಾಗಿಬಿಟ್ಟಿದೆ ಅಂಕಲ್ ಅಂತ ಫೋನ್ ಮಾಡಿದ. ಹೋಗಿ ನೋಡಿದರೆ ಹಿಂದಿನ ಗಾಜಿನ ಮೇಲೆ ಬೆರಳುದ್ದದ ಹಸಿರು ಕೂದಲು, ಪಂಪಿನ ಗಾಳಿಗುಳ್ಳೆಗಳು ಅದರೊಳಗೆ ಸಿಕ್ಕಿಕೊಂಡು ನಿಂತಿದ್ದವು. ಅಡುಗೆಮನೆಯ ಆರ್‌ಒ ಮಷೀನಿನ ನಲ್ಲಿ ಬಿಟ್ಟು ಒಂದು ಲೋಟ ನೀರು ಹಿಡಿದು, ನೀರಿನಲ್ಲಿ ಕರಗಿರುವ ಲವಣಾಂಶ ಅಳೆಯುವ ಟಿಡಿಎಸ್ ಮೀಟರ್ ಅದ್ದಿದೆವು. 48 ತೋರಿಸಿತು. ಇರಬೇಕಾದ್ದು 0. ಅವನಿಗೆ ನಂಬಿಕೆಯೇ ಬರಲಿಲ್ಲ, ಲೋಟ ತೊಳೆದು ಇನ್ನೊಂದು ಸಲ ಹಿಡಿದ. ಅದೇ 48.

ಮಷೀನ್ ಕೆಟ್ಟಿರಲಿಲ್ಲ. ಕುಡಿಯುವ ನೀರಿಗೆ ರುಚಿ ಇರಲಿ ಅಂತ ಮನೆಯ ಆರ್‌ಒಗಳಲ್ಲಿ ಟಿಡಿಎಸ್ ಕಂಟ್ರೋಲರ್ ಅಥವಾ ಮಿನರಲ್ ಕಾರ್ಟ್ರಿಡ್ಜ್ ಇಟ್ಟಿರುತ್ತಾರೆ. ಕಂಟ್ರೋಲರ್ ಇದ್ದರೆ ಮೆಂಬ್ರೇನ್ ಅಂದರೆ ಸೋಸುವ ಪೊರೆ ದಾಟಿ ಬಂದ ನೀರಿಗೆ, ಮೆಂಬ್ರೇನ್ ದಾಟದ ನೀರನ್ನು ಸ್ವಲ್ಪ ಬೆರೆಸುತ್ತದೆ. ಕುಡಿಯಲು ಅದು ಸರಿ. ಟ್ಯಾಂಕಿಗೆ ಅಲ್ಲ. ನಲ್ಲಿ ನೀರಿನ ಫಾಸ್ಫೇಟ್, ನೈಟ್ರೇಟ್, ಸಿಲಿಕೇಟ್ ಅದರ ಜೊತೆಗೇ ಒಳಗೆ ಬರುತ್ತದೆ. ಮುಂಬೈ ಸೆಕೆಗೆ ಟ್ಯಾಂಕಿನ ನೀರು ದಿನಾ ಆವಿಯಾಗುತ್ತದೆ, ಆದರೆ ಆವಿಯಾಗುವುದು ನೀರು ಮಾತ್ರ. ಉಪ್ಪು, ಫಾಸ್ಫೇಟ್ ಎಲ್ಲ ಒಳಗೇ ಉಳಿಯುತ್ತದೆ. ಕಡಿಮೆಯಾದಷ್ಟು ಮತ್ತೆ ಅದೇ 48ರ ನೀರು ತುಂಬಿಸುತ್ತಾ ಹೋದರೆ ದಿನಾ ಪಾಚಿಗೆ ಗೊಬ್ಬರ ಹಾಕಿದ ಹಾಗೇ ಆಯಿತಲ್ವಾ? ಆರ್‌ಒದಿಂದ ನೀರು ಹೊರಬರುವ ಕಡೆ, ಉಳಿದ ಲವಣಾಂಶ ಹೀರುವ ಡಿಐ ರೆಸಿನ್ ತುಂಬಿದ ಕೊಳವೆ ಜೋಡಿಸಿ, ಮೀಟರ್ 0 ತೋರಿಸುವ ನೀರನ್ನಷ್ಟೇ ಬಳಸಬೇಕು. ಉಪ್ಪು ಬೆರೆಸಲೂ ಅದೇ, ದಿನದ ಟಾಪ್ ಅಪ್‌ಗೂ ಅದೇ. ರೆಸಿನ್ ಮುಗಿದಾಗ ಮೀಟರಿನ ಅಂಕಿ ಏರುತ್ತದೆ, ಆಗ ಬದಲಿಸಿ. ಇನ್ನು ಗಿರ್ಗಾಂವ್, ಜುಹೂ ದಡದಿಂದ ಕ್ಯಾನಿನಲ್ಲಿ ಸಮುದ್ರದ ನೀರು ತುಂಬಿಕೊಂಡು ಬರುವವರೂ ಇದ್ದಾರೆ. ಚರಂಡಿ ನೀರು ಸೇರುವ ದಡ ಅದು, ಮಳೆಗಾಲದಲ್ಲಂತೂ ಉಪ್ಪಿನಂಶವೂ ಇಳಿದಿರುತ್ತದೆ. ಬೇಡವೇ ಬೇಡ.

ಊಟದ ವಿಷಯ ಚಿಕ್ಕದು. ಒಂದೆರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಹಾಕಿ. ಫ್ರೋಜನ್ ಊಟವಾದರೆ ಕರಗಿಸಿ, ಸಣ್ಣ ಜರಡಿಯಲ್ಲಿ ತೊಳೆದು, ಆ ಕರಗಿದ ನೀರನ್ನು ಸಿಂಕಿಗೆ ಚೆಲ್ಲಿ. ಲೈಟ್ ದಿನಕ್ಕೆ 8 ಗಂಟೆ ಸಾಕು, ನೀಲಿ ಜಾಸ್ತಿ, ಬಿಳಿ ಕಡಿಮೆ. ಕಿಟಕಿಯ ಬಿಸಿಲು ನೇರವಾಗಿ ಬೀಳುವ ಜಾಗ ಬೇಡ.

ಪಾಚಿಯನ್ನು ಕೈಯಿಂದಲೇ ತೆಗೆಯಬೇಕು, ಅದಕ್ಕೆ ಬದಲಿ ಇಲ್ಲ. ಕಲ್ಲನ್ನು ಹೊರತೆಗೆಯಲು ಆಗುವುದಾದರೆ, ಟ್ಯಾಂಕಿನಿಂದ ತೆಗೆದ ಉಪ್ಪುನೀರಿನ ಬಕೆಟ್ಟಿನಲ್ಲಿ ಹೊಸ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಆಗದಿದ್ದರೆ ಕಿತ್ತ ಕೂಡಲೇ ಪೈಪ್ ಹಚ್ಚಿ ಹೀರಿ ತೆಗೆಯಿರಿ, ಇಲ್ಲದಿದ್ದರೆ ಒಂದೊಂದು ಚೂರೂ ಬೇರೆ ಕಡೆ ಹೋಗಿ ಬೇರೂರುತ್ತದೆ. ಆಮೇಲೆ ಉಳಿದದ್ದನ್ನು ಮೇಯಲು ಟ್ರೋಕಸ್, ಟರ್ಬೊ ಬಸವನಹುಳುಗಳನ್ನು ಬಿಡಿ. ಟರ್ಬೊ ಚೆನ್ನಾಗಿ ಮೇಯುತ್ತದೆ, ಆದರೆ ಬುಲ್ಡೋಜರ್, ಸರಿಯಾಗಿ ಅಂಟಿಸದ ಹವಳವನ್ನೆಲ್ಲ ಉರುಳಿಸುತ್ತದೆ. ಪಾಚಿ ತಿನ್ನುತ್ತೆ ಅಂತ ಹೇಳಿ ಎರಡಡಿ ಟ್ಯಾಂಕಿಗೆ ಟ್ಯಾಂಗ್ ಮೀನು ಮಾರುವುದು ಮಾತ್ರ ಅನ್ಯಾಯ. ದಿನವಿಡೀ ಉದ್ದಕ್ಕೆ ಈಜುವ ಮೀನು ಅದು, ಅಷ್ಟು ಜಾಗದಲ್ಲಿ ನರಳುತ್ತದೆ.

ಕೆಂಪು ಲೋಳೆಯ ಬಗ್ಗೆ ಬೇರೆಯಾಗಿ ಹೇಳಲೇಬೇಕು. ಅದು ನಿಜದಲ್ಲಿ ಪಾಚಿ ಅಲ್ಲ, ಸಯನೋಬ್ಯಾಕ್ಟೀರಿಯಾ. ನೀರಿನ ಓಟ ಕಡಿಮೆ ಇರುವ ಮೂಲೆಯಲ್ಲಿ, ಮರಳಿನ ಮೇಲೆ ಹಾಳೆಯಂತೆ ಹರಡುತ್ತದೆ, ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆಲ್ಲ ಆಮ್ಲಜನಕದ ಸಣ್ಣ ಗುಳ್ಳೆಗಳು. ಬ್ಯಾಕ್ಟೀರಿಯಾ ಅಂತ ಗೊತ್ತಾದ ಕೂಡಲೇ ಜನ ಮೆಡಿಕಲ್‌ಗೆ ಹೋಗಿ ಎರಿಥ್ರೋಮೈಸಿನ್ ಮಾತ್ರೆ ತಂದು ಪುಡಿ ಮಾಡಿ ಹಾಕುತ್ತಾರೆ. ನನಗೆ ಇದು ನೋಡಿ ಸಿಟ್ಟು ಬರುತ್ತದೆ. ಮನುಷ್ಯರಿಗೆ ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಆಂಟಿಬಯಾಟಿಕ್ ಅದು. ಲೋಳೆ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಇಳಿಯುತ್ತದೆ, ರಾತ್ರಿ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತವೆ. ನೀರು ಬದಲಿಸಿದಾಗ ಆ ಮದ್ದೆಲ್ಲ ಮೋರಿಗೆ. ಇಷ್ಟಾದರೂ ಕಾರಣ ಹಾಗೇ ಉಳಿದಿರುವುದರಿಂದ ಲೋಳೆ ಮತ್ತೆ ಬರುತ್ತದೆ. ಪೈಪಿನಿಂದ ಹೀರಿ ತೆಗೆಯಿರಿ, ಪಂಪನ್ನು ಆ ಮೂಲೆಗೆ ತಿರುಗಿಸಿ, ಮರಳಿನ ಕೊಳೆ ತೆಗೆಯಿರಿ, ಕೆಲವು ವಾರ ಬಿಡದೆ ಮಾಡಿ. ಕಡಿಮೆಯಾಗುತ್ತದೆ.

ಇನ್ನೊಂದು ಎಚ್ಚರಿಕೆ. ಪಾಚಿಯ ಮೇಲಿನ ಹಟಕ್ಕೆ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸಬೇಡಿ. ಹವಳಕ್ಕೂ ಅದು ಬೇಕು. ನೈಟ್ರೇಟ್ 5ರಿಂದ 10 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಇಷ್ಟು ಪಾಲು), ಫಾಸ್ಫೇಟ್ 0.03ರಿಂದ 0.1 ಇದ್ದರೆ ಶುರು ಮಾಡುವವರಿಗೆ ಒಳ್ಳೆಯದು. ಎರಡೂ ಸೊನ್ನೆಯಾದ ಟ್ಯಾಂಕಿನಲ್ಲೇ ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿ ತಲೆ ಎತ್ತುವುದು ಜಾಸ್ತಿ. ಕಂದು ಬಣ್ಣದ ಗೊಣ್ಣೆಯಂಥ ಎಳೆಗಳು, ತುದಿಗೆ ಗುಳ್ಳೆ. ಅದರ ಕೆಲವು ಜಾತಿ ವಿಷ, ತಿಂದ ಬಸವನಹುಳುಗಳೇ ಸಾಯುತ್ತವೆ. ಹಸಿರು ಕೂದಲಿಗಿಂತ ನೂರು ಪಾಲು ಕಷ್ಟ ಅದು. ಟೆಸ್ಟ್ ಕಿಟ್ಟನ್ನೂ ಕಣ್ಣುಮುಚ್ಚಿ ನಂಬಬೇಡಿ. ಕಲ್ಲಿನ ತುಂಬ ಪಾಚಿ ಇದ್ದು ಕಿಟ್ ಸೊನ್ನೆ ತೋರಿಸಿದರೆ, ಇದ್ದದ್ದನ್ನೆಲ್ಲ ಪಾಚಿ ಆಗಲೇ ತಿಂದು ಕೂತಿದೆ ಅಂತ ತಿಳಿಯಿರಿ.

ಜಾಗ ಇದ್ದವರು ಟ್ಯಾಂಕಿನ ಕೆಳಗೆ ಇಡುವ ಸಂಪ್ ಎಂಬ ಇನ್ನೊಂದು ತೊಟ್ಟಿಯಲ್ಲಿ ಕೀಟೋ ಎಂಬ ಒಳ್ಳೆಯ ಪಾಚಿಯನ್ನು ಬೆಳೆಸಿ, ರಾತ್ರಿ ಹೊತ್ತು ಅದಕ್ಕೆ ಲೈಟ್ ಕೊಡುತ್ತಾರೆ. ನಾವು ಬೇಕಂತಲೇ ಬೆಳೆಸಿದ ಪಾಚಿ ಗೊಬ್ಬರ ತಿಂದರೆ, ಬೇಡದ ಪಾಚಿಗೆ ಉಳಿಯುವುದು ಕಡಿಮೆ. ವಾರಕ್ಕೊಮ್ಮೆ ಒಂದು ಮುಷ್ಟಿ ಕಿತ್ತು ತೆಗೆದರಾಯಿತು. ಆದರೆ ಕಿತ್ತದ್ದನ್ನು ಒಣಗಿಸಿ ಕಸಕ್ಕೆ ಹಾಕಿ. ಸುಮ್ನೆ ನಾಲೆಗೋ ಕಡಲಿಗೋ ಎಸೆಯಬೇಡಿ. ಅಕ್ವೇರಿಯಂಗಳಲ್ಲಿ ಬೆಳೆಸುತ್ತಿದ್ದ ಕಾಲೆರ್ಪಾ ಟ್ಯಾಕ್ಸಿಫೋಲಿಯಾ ಎಂಬ ಪಾಚಿ 1984ರಲ್ಲಿ ಮೊನಾಕೊ ಮತ್ಸ್ಯಾಲಯದ ಹತ್ತಿರದ ಸಮುದ್ರದಲ್ಲಿ ಕಾಣಿಸಿಕೊಂಡು, ಮುಂದೆ ಮೆಡಿಟರೇನಿಯನ್ ತೀರದ ಎಷ್ಟೋ ಹೆಕ್ಟೇರ್ ಆವರಿಸಿತು. ನಮ್ಮ ವರ್ಲಿ, ಹಾಜಿ ಅಲಿ ಕಡಲ ಬಂಡೆಗಳ ಮೇಲೂ ಹವಳ ಸಿಕ್ಕಿತ್ತು. ಕೋಸ್ಟಲ್ ರೋಡ್ ಕೆಲಸಕ್ಕಾಗಿ 2020ರಲ್ಲಿ ಅದನ್ನು ಬೇರೆಡೆಗೆ ಸಾಗಿಸಿದ್ದು ಓದುಗರಿಗೆ ನೆನಪಿರಬಹುದು. ಕಾಡಿನ ಹುಲಿಯ ಹಾಗೆ ಗಟ್ಟಿ ಹವಳವೂ ವನ್ಯಜೀವಿ ಕಾಯ್ದೆಯ ಮೊದಲನೇ ಷೆಡ್ಯೂಲ್‌ನಲ್ಲಿದೆ. ನಮ್ಮ ಕಡಲಿಂದ ಕಿತ್ತ ಹವಳವನ್ನಾಗಲಿ ಹವಳದ ಕಲ್ಲನ್ನಾಗಲಿ ಯಾರಾದರೂ ಅಗ್ಗಕ್ಕೆ ಕೊಡ್ತೀನಿ ಅಂದರೆ ತಗೋಬೇಡಿ.

ಪುರವಣಿಯಲ್ಲಿ ಇದರ ಮುಂದಿನ ಕಂತು ಬರುವುದಾದರೆ ಮೀನಿನ ಚಿತ್ರ ಒಂದು ಕಡಿಮೆಯಾದರೂ ಪರವಾಗಿಲ್ಲ, ಈ ನೀರಿನ ವಿಷಯಕ್ಕೆ ಹತ್ತು ಸಾಲು ಜಾಗ ಕೊಡಿ. ಟ್ಯಾಂಕ್ ಕೊಳ್ಳುವ ಮೊದಲೇ ಟಿಡಿಎಸ್ ಮೀಟರ್ ಕೊಳ್ಳಿ ಅಂತ ಅದರಲ್ಲಿ ಖಂಡಿತ ಬರೆಯಿರಿ.

ಇಂತಿ,
ನಿಮ್ಮ ಓದುಗ, ಮುಲುಂಡ್